ತೇಗದ ದಾಯಾದಿ: ತುಳಸಿಯ ಕುಲದ ಒಂದು ಕಾಡುಬಳ್ಳಿ

(ನಾರ್ತ್‌ವಿಲ್‌ನಲ್ಲಿ ಸೇರಿದ್ದ ಕನ್ನಡ ಬಂಧುಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)

ತುಳಸಿಯೂ ತೇಗವೂ ಒಂದೇ ಕುಟುಂಬಕ್ಕೆ ಸೇರಿದ ಸಸ್ಯಗಳು ಎಂದು ಹೇಳಿದರೆ ಸಭೆಯಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ನಗು ಏಳುತ್ತದೆ. ಒಂದು, ಬೃಂದಾವನದಲ್ಲಿ ಮೊಳದುದ್ದ ಬೆಳೆದು ನಿಲ್ಲುವ ಗಿಡ. ಇನ್ನೊಂದು, ದಾಂಡೇಲಿಯ ಕಾಡಿನಲ್ಲಿ ನೂರಡಿಯಷ್ಟು ಎತ್ತರಕ್ಕೆ ಏರಿ, ಹಡಗಿಗೂ ಹೆಬ್ಬಾಗಿಲಿಗೂ ದಿಮ್ಮಿ ಒದಗಿಸಿದ ವೃಕ್ಷ. ಇವೆರಡಕ್ಕೂ ಎತ್ತಣ ಸಂಬಂಧ ಎಂದು ಕೇಳುವುದು ಸಹಜವೇ ಆಗಿದೆ. ಈ ನಗುವಿನ ಜಾಡು ಹಿಡಿದು ಹೊರಟರೆ, ನಮ್ಮಲ್ಲಿ ಬಹುಮಂದಿ ಹೆಸರನ್ನೂ ಕೇಳದ ಒಂದು ಕಾಡುಬಳ್ಳಿಯ ಬುಡಕ್ಕೆ ಹೋಗಿ ನಿಲ್ಲುತ್ತೇವೆ. ಸಸ್ಯಶಾಸ್ತ್ರಜ್ಞರು ಅದನ್ನು ಸಿಂಫೋರೀಮಾ ಇನ್ವಾಲ್ಯೂಕ್ರೇಟಮ್ ಎಂದು ಕರೆಯುತ್ತಾರೆ. ತುಳಸಿಗಿರುವಂತೆ ಮನೆಮಾತಿನ ಹೆಸರು ಅದಕ್ಕಿಲ್ಲ. ಆದುದರಿಂದ ಈ ಬರಹದಲ್ಲಿ ನಾವು ಅದನ್ನು ಸಿಂಫೋರೀಮಾ ಎಂದೋ, ಬರಿದೆ ‘ಬಳ್ಳಿ’ ಎಂದೋ ಕರೆಯುತ್ತೇವೆ.

ಮೊದಲು ಕುಟುಂಬದ ಪರಿಚಯ ಆಗಬೇಕು. ಪುದೀನ, ತುಳಸಿ, ಕಾಮಕಸ್ತೂರಿ, ದೊಡ್ಡಪತ್ರೆ, ತುಂಬೆ, ಪಚ್ಚೆತೆನೆ ಇವೆಲ್ಲ ಒಂದೇ ಬಳಗದವು. ಹೂಮಾರುವವರು ಮಲ್ಲಿಗೆಯ ನಡುವೆ ಸೇರಿಸಿ ಕಟ್ಟುವ ಮರುಗವೂ ಈ ಬಳಗದ್ದೇ. ಜೊತೆಯಲ್ಲಿಯೇ ಕಟ್ಟುವ ದವನ ಮಾತ್ರ ಅಲ್ಲ, ಅದು ಸೇವಂತಿಗೆಯ ಕಡೆಯದು. ಅಮೆರಿಕದಲ್ಲಿ ನೆಲಸಿರುವ ನಮಗೂ ಈ ಕುಟುಂಬ ಹೊಸದಲ್ಲ. ಮಿಶಿಗನ್ ರಾಜ್ಯವೇ ಒಂದು ಕಾಲಕ್ಕೆ ಪುದೀನದ ಎಣ್ಣೆಯಿಂದ ಹೆಸರಾದದ್ದು. ಕಲಮಜೂ ನಗರದ ಆಲ್ಬರ್ಟ್ ಟಾಡ್ ಎಂಬಾತ ಪೆಪ್ಪರ್‌ಮಿಂಟಿನ ದೊರೆ ಎಂದೇ ಪ್ರಸಿದ್ಧನಾಗಿದ್ದ. ಲ್ಯಾನ್ಸಿಂಗ್ ನಗರದ ಉತ್ತರಕ್ಕಿರುವ ಸೇಂಟ್ ಜಾನ್ಸ್ ಇಂದಿಗೂ ಪುದೀನದ ಊರೆಂದು ಹೇಳಿಕೊಳ್ಳುತ್ತದೆ. ನಮ್ಮ ಮನೆಗಳ ಮುಂದಿನ ಹುಲ್ಲುಹಾಸಿಗೆ ನುಗ್ಗಿ ತಲೆನೋವು ತರುವ ಕ್ರೀಪಿಂಗ್ ಚಾರ್ಲಿ ಎಂಬ ಕಳೆಯೂ ಪುದೀನದ ನಂಟನೇ. ಅದರ ಕಾಂಡವನ್ನು ಎರಡು ಬೆರಳಿನ ನಡುವೆ ಹೊರಳಿಸಿ ನೋಡಿ: ದುಂಡಗಿಲ್ಲ, ನಾಲ್ಕು ಮೂಲೆ ತಾಗುತ್ತದೆ. ಎಲೆಗಳು ಎದುರುಬದುರಾಗಿ ಜೋಡಿಯಲ್ಲಿ ಹುಟ್ಟುತ್ತವೆ. ಮುಂದಿನ ಜೋಡಿ ಹಿಂದಿನ ಜೋಡಿಗೆ ಅಡ್ಡಲಾಗಿರುತ್ತದೆ. ಕಿಟಕಿಯ ಬಳಿ ಇಟ್ಟು ನವೆಂಬರಿನ ಚಳಿಯಿಂದ ಕಾಪಾಡಿಕೊಂಡು ಬರುವ ತುಳಸಿಯ ಕುಂಡದಲ್ಲಿಯೂ ಇದೇ ಲಕ್ಷಣವನ್ನು ಕಾಣಬಹುದು. ತೇಗದ ಎಳೆಯ ಕೊಂಬೆಯೂ ನಾಲ್ಕು ಮೂಲೆಯದೇ ಎಂಬುದನ್ನು ಇಲ್ಲಿಯೇ ಹೇಳಿಬಿಡೋಣ.

ಈ ಕುಟುಂಬದಲ್ಲಿ ಸುಮಾರು 7000 ಪ್ರಭೇದಗಳಿವೆ. ಅವುಗಳಲ್ಲಿ ಬಹುಪಾಲು ಗಿಡಮೂಲಿಕೆಗಳು, ಇಲ್ಲವೆ ಪೊದೆಗಳು, ಕೆಲವು ಮರಗಳು. ನೆಲದ ಮೇಲೆ ಹರಿದಾಡುವವು ಉಂಟು. ಆದರೆ ಮರವನ್ನು ಹತ್ತಿ, ಕಾಂಡ ದಪ್ಪವಾಗಿ, ನೆತ್ತಿಯಲ್ಲಿ ಹೂಬಿಡುವ ಮರಬಳ್ಳಿಗಳು ಬಹಳ ವಿರಳ. ಮಿಶಿಗನ್ನಿನ ಕಾಡುಗಳಲ್ಲಿ ಹತ್ತುವ ಕಾಡುದ್ರಾಕ್ಷಿ, ವರ್ಜಿನಿಯಾ ಕ್ರೀಪರ್, ಮೈಯೆಲ್ಲ ತುರಿಸುವಂತೆ ಮಾಡುವ ಪಾಯ್ಸನ್ ಐವಿ ಇವಾವುವೂ ಈ ಬಳಗದವಲ್ಲ. ಇಲ್ಲಿಯ ಮನೆಗಳಲ್ಲಿ ಕುಂಡದಲ್ಲಿ ಬೆಳೆಸುವ ಬ್ಲೀಡಿಂಗ್ ಹಾರ್ಟ್ ಬಳ್ಳಿಯನ್ನು ಕೆಲವರು ಕಂಡಿರಬಹುದು: ಬಿಳಿಯ ಪುಟ್ಟ ಚೀಲದಿಂದ ಕೆಂಪು ಹೂ ಇಣುಕುವ ಪಶ್ಚಿಮ ಆಫ್ರಿಕದ ಆ ಬಳ್ಳಿ ತುಳಸಿಯ ಕುಟುಂಬದ್ದು. ಅದೇ ಹೆಸರಿನಲ್ಲಿ ಇಲ್ಲಿ ವಸಂತಕಾಲದಲ್ಲಿ ನೆರಳಿನ ಪಾತಿಗಳಲ್ಲಿ ಅರಳುವ ಗಿಡ ಬೇರೆಯದು, ಗಸಗಸೆಯ ಕಡೆಯದು. ಹೆಸರುಗಳ ಈ ಗೊಂದಲದಿಂದಲೇ ಶಾಸ್ತ್ರಜ್ಞರು ಲ್ಯಾಟಿನ್ನಿಗೆ ಮೊರೆಹೋದರೆಂದು ಹೇಳಬೇಕು.

ಇಡಿಯ ಉಪಕುಟುಂಬವೇ ಮರಬಳ್ಳಿಗಳಿಂದ ಕೂಡಿರುವುದು ಈ ಬಳಗದಲ್ಲಿ ಒಂದು ಕಡೆ ಮಾತ್ರ. ಅದರಲ್ಲಿ ಮೂರೇ ಜಾತಿಗಳು: ಸಿಂಫೋರೀಮಾ, ಸ್ಫೀನೋಡೆಸ್ಮೆ ಮತ್ತು ಕಾಂಜಿಯಾ. ಮೂರೂ ಸೇರಿ ಪ್ರಭೇದಗಳ ಸಂಖ್ಯೆ ಮೂವತ್ತರ ಆಸುಪಾಸು. ಇವೆಲ್ಲವೂ ಭಾರತ, ಶ್ರೀಲಂಕಾ, ಬರ್ಮಾ, ಥಾಯ್ಲೆಂಡ್ ಮೊದಲಾಗಿ ಏಷ್ಯದ ಉಷ್ಣವಲಯಕ್ಕೆ ಸೇರಿದವು. ಇವುಗಳಲ್ಲಿ ಕಾಂಜಿಯಾವನ್ನು ಬೆಂಗಳೂರಿನವರು ನೋಡಿರುವ ಸಂಭವ ಹೆಚ್ಚು. ವರ್ಷದ ಆರಂಭದ ತಿಂಗಳುಗಳಲ್ಲಿ ಉದ್ಯಾನಗಳ ಚಪ್ಪರದ ಮೇಲೆ ನಸುಗೆಂಪು ಮಂಜು ಹರಡಿದಂತೆ ಕಾಣುವ ಬಳ್ಳಿ ಅದು. ಆ ಬಣ್ಣ ಹೂವಿನದಲ್ಲ. ಹೂಗಳು ಕಣ್ಣಿಗೆ ಬೀಳದಷ್ಟು ಚಿಕ್ಕವು. ಅವುಗಳ ಬುಡದಲ್ಲಿರುವ ಮೂರೋ ನಾಲ್ಕೋ ಮೆತ್ತನೆಯ ಎಲೆಗಳೇ ಬಣ್ಣ ತಾಳಿ ಕಂಗೊಳಿಸುತ್ತವೆ. ಕಾಗದದ ಹೂವಿನಲ್ಲಿ ಆಗುವುದೂ ಇದೇ. ಹೂವಿನ ಬುಡದ ಇಂಥ ಎಲೆಯನ್ನು ಪುಷ್ಪಪತ್ರ ಎನ್ನೋಣ. ಮುಂದಿನ ಮಾತೆಲ್ಲ ಈ ಪುಷ್ಪಪತ್ರದ ಮೇಲೆಯೇ ನಿಂತಿದೆ.

ಸಿಂಫೋರೀಮಾಕ್ಕೆ ಕಾಂಜಿಯಾದ ಬೆಡಗಿಲ್ಲ. ಅದು ಎಲೆಯುದುರುವ ಒಣಕಾಡಿನ ಬಳ್ಳಿ. ದಕ್ಷಿಣ ಭಾರತದಲ್ಲಿ ಘಟ್ಟದ ಪೂರ್ವದ ಇಳಿಜಾರುಗಳಲ್ಲಿಯೂ ದಖನ್ನಿನ ಬೆಟ್ಟಗಾಡುಗಳಲ್ಲಿಯೂ ಅಲ್ಲೊಂದು ಇಲ್ಲೊಂದಾಗಿ ಬೆಳೆಯುತ್ತದೆ. ಹಾಗಲದ ಬಳ್ಳಿಗಿರುವಂಥ ಕುಡಿಬಳ್ಳಿಯಾಗಲಿ, ಸೀಗೆಗಿರುವಂಥ ಮುಳ್ಳಾಗಲಿ ಇದಕ್ಕಿಲ್ಲ. ಉದ್ದನೆಯ ಬಳುಕುವ ಚಿಗುರುಗಳನ್ನು ಚಾಚಿ, ಪಕ್ಕದ ಮರಕ್ಕೆ ಮೈಯೊರಗಿಸಿ ಮೇಲೇರುತ್ತದೆ. ಎಲೆಗಳು 5ರಿಂದ 12 ಸೆಂಟಿಮೀಟರ್ ಉದ್ದವಿದ್ದು, ಅಂಚಿನಲ್ಲಿ ಒರಟಾದ ಹಲ್ಲುಗಳಿರುತ್ತವೆ. ಎಲೆಯ ಅಡಿಭಾಗವನ್ನು ಸವರಿದರೆ ಉಣ್ಣೆಯಂತೆ ಮೆತ್ತಗಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಆ ಉಣ್ಣೆಯ ಒಂದೊಂದು ಎಳೆಯೂ ಕವಲೊಡೆದು ಪುಟ್ಟ ನಕ್ಷತ್ರವಾಗಿರುವುದು ಕಾಣುತ್ತದೆ.

ಹೂಬಿಡುವ ಕಾಲ ಚಳಿಗಾಲ ಕಳೆದು ಬೇಸಿಗೆ ಹೊಕ್ಕುವ ಸಂಧಿ. ಏಳು ಹೂಗಳು ಒತ್ತಾಗಿ ಸೇರಿ ಒಂದು ಗೊಂಚಲಾಗುತ್ತದೆ. ಆ ಗೊಂಚಲನ್ನು ಆರು ಪುಷ್ಪಪತ್ರಗಳು ಬಟ್ಟಲಿನಂತೆ ಸುತ್ತುವರಿದಿರುತ್ತವೆ. ಸಿಂಫೋರೀಮಾ ಎಂಬ ಗ್ರೀಕ್ ಮೂಲದ ಹೆಸರಿಗೆ ಒಟ್ಟುಗೂಡಿಸಿದ್ದು, ರಾಶಿ ಎಂಬ ಅರ್ಥವಿದೆ. ಹೂಗಳು ಬಿಳಿ. ತುಳಸಿ, ತುಂಬೆಗಳ ಹೂವಿನಂತೆ ಎರಡು ತುಟಿಗಳಾಗಿ ಸೀಳಿರುವುದಿಲ್ಲ. ಎಲ್ಲ ದಿಕ್ಕಿಗೂ ಸಮನಾಗಿ ಬಿಚ್ಚಿಕೊಂಡಿರುತ್ತವೆ. ಕೇಸರಗಳನ್ನು ಎಣಿಸಿದರೆ ಇನ್ನೊಂದು ಅಚ್ಚರಿ ಕಾದಿದೆ. ತುಳಸಿಗೆ ನಾಲ್ಕು ಕೇಸರ. ಇಲ್ಲಿಯ ಬಯಲುಗಳಲ್ಲಿ ನೇರಿಳೆಯಾಗಿ ಅರಳುವ ಮೊನಾರ್ಡಾಗೆ ಎರಡೇ ಎರಡು. ನಮ್ಮ ಬಳ್ಳಿಗಾದರೋ ಆರರಿಂದ ಎಂಟು. ಇದರ ಹತ್ತಿರದ ಸೋದರ, ದಕ್ಷಿಣ ಭಾರತದಲ್ಲಿ ಇನ್ನೂ ವಿರಳವಾಗಿರುವ ಸಿಂಫೋರೀಮಾ ಪಾಲಿಯಾಂಡ್ರಮ್ ಎಂಬ ಬಳ್ಳಿಯಲ್ಲಿ ಹತ್ತಕ್ಕೂ ಮಿಕ್ಕಿ ಕೇಸರಗಳಿರುತ್ತವೆ. ಹೆಸರಿನ ಅರ್ಥವೂ ಅದೇ. ಮೂರನೆಯ ಪ್ರಭೇದ ಫಿಲಿಪೀನ್ಸ್ ದ್ವೀಪಗಳದು. ಜಾತಿಯಲ್ಲಿರುವುದು ಈ ಮೂರೇ.

ಹೂ ಬಾಡಿದ ಮೇಲೆ ಕೆಲಸ ಮುಗಿಯಿತು ಎಂದು ಪುಷ್ಪಪತ್ರಗಳು ಉದುರುವುದಿಲ್ಲ. ಅವು ಬೆಳೆಯುತ್ತವೆ. ಎರಡು ಸೆಂಟಿಮೀಟರಿಗೂ ಮಿಕ್ಕಿ ಅಗಲಿಸಿ, ತೆಳ್ಳಗಾಗಿ, ಒಣಗಿ, ನರನರವಾಗಿ ರೆಕ್ಕೆಗಳಾಗುತ್ತವೆ. ನಡುವೆ ಒಂದೇ ಬೀಜದ ಒಣ ಕಾಯಿಗಳು. ಬೇಸಿಗೆಯ ಗಾಳಿಗೆ ಗೊಂಚಲು ಗೊಂಚಲೇ ಕಳಚಿಕೊಂಡು ಗಿರಗಿರನೆ ತಿರುಗುತ್ತ ಹೊರಡುತ್ತದೆ. ಮಳೆ ಬರುವ ಮುನ್ನ ನೆಲ ಹುಡುಕುವ ಉಪಾಯ ಇದು. ಇಡೀ ಕುಟುಂಬದಲ್ಲಿ ಹೂವಿನ ಹೊರಕವಚಗಳನ್ನು ಬೀಜದ ಸೇವೆಗೆ ಹಚ್ಚುವ ಬುದ್ಧಿ ಬಗೆಬಗೆಯಾಗಿ ಕಾಣುತ್ತದೆ. ತುಳಸಿಯ ಹೂ ಉದುರಿದರೂ ಅದರ ಹಸಿರು ಬಟ್ಟಲು ಉಳಿದು ಒಳಗೆ ನಾಲ್ಕು ಬೀಜಗಳನ್ನು ಇಟ್ಟುಕೊಂಡಿರುತ್ತದೆ. ತೇಗದಲ್ಲಿ ಆ ಬಟ್ಟಲೇ ಊದಿ, ಪುಟ್ಟ ಕಾಗದದ ಬುಡ್ಡೆಯಂತಾಗಿ ಕಾಯಿಯನ್ನು ಮುಚ್ಚಿಕೊಳ್ಳುತ್ತದೆ. ನಮ್ಮ ಬಳ್ಳಿ ಅದೇ ಕೆಲಸಕ್ಕೆ ಬಟ್ಟಲಿನ ಹೊರಗಿನ ಎಲೆಗಳನ್ನು ಬಳಸಿಕೊಂಡಿತು.

ಈ ಬಳ್ಳಿಗೆ ಹೆಸರಿಟ್ಟವನು ವಿಲಿಯಂ ರಾಕ್ಸ್‌ಬರೋ. ಸ್ಕಾಟ್ಲೆಂಡಿನವನು, ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯನಾಗಿ ಮದರಾಸಿಗೆ ಬಂದವನು. ಗೋದಾವರಿಯ ಕಡೆಯ ಸಾಮಲಕೋಟೆಯಲ್ಲಿದ್ದಾಗ ಊರಿನ ಚಿತ್ರಕಾರರನ್ನು ನೇಮಿಸಿಕೊಂಡು ಕಂಡ ಗಿಡಗಳನ್ನೆಲ್ಲ ಬರೆಯಿಸಿದ. ಆ ಚಿತ್ರಗಳಿಂದ ಆಯ್ದ 300 ಚಿತ್ರಗಳು ‘ಕೋರಮಂಡಲ ತೀರದ ಸಸ್ಯಗಳು’ ಎಂಬ ಅರ್ಥದ ಇಂಗ್ಲಿಷ್ ಹೆಸರಿನಲ್ಲಿ ಲಂಡನ್ನಿನಿಂದ 1795ರಿಂದ 1820ರವರೆಗೆ ಮೂರು ಸಂಪುಟಗಳಾಗಿ ಹೊರಬಂದವು. ಸಿಂಫೋರೀಮಾ ಎರಡನೆಯ ಸಂಪುಟದಲ್ಲಿ, 1805ರಲ್ಲಿ, ಬೆಳಕು ಕಂಡಿತು. ಕಾಂಜಿಯಾ ಮೂರನೆಯದರಲ್ಲಿ ಬಂತು. ಎಲೆಯ ಹಲ್ಲು ಹಲ್ಲನ್ನೂ ಬಿಡದೆ ಬರೆದ ಆ ತೆಲುಗುನಾಡಿನ ಚಿತ್ರಕಾರರ ಹೆಸರುಗಳು ನಮಗೆ ಉಳಿದುಬಂದಿಲ್ಲ. ರಾಕ್ಸ್‌ಬರೋನ ಕೀರ್ತಿಯಲ್ಲಿ ಅರ್ಧ ಪಾಲು ಅವರಿಗೆ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ. 1793ರಿಂದ 1813ರವರೆಗೆ ರಾಕ್ಸ್‌ಬರೋ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದ. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹೆಸರೇನೋ ಸಿಕ್ಕಿತು, ಮನೆತನ ಯಾವುದು ಎಂಬ ಪ್ರಶ್ನೆ ಬಹುಕಾಲ ಎಳೆದಾಡಿತು. ಹಳೆಯ ಗ್ರಂಥಗಳನ್ನು ತೆರೆದರೆ ತೇಗ, ಲಕ್ಕಿಗಿಡ, ಶಿವನೆ, ಸಿಂಫೋರೀಮಾ ಇವೆಲ್ಲ ವರ್ಬಿನೇಸಿ ಎಂಬ ಕುಟುಂಬದಲ್ಲಿ ಲಂಟಾನದ ಜೊತೆಗೆ ಕುಳಿತಿರುತ್ತವೆ. ತುಳಸಿ, ಪುದೀನಗಳಿಗೆ ಬೇರೆ ಕುಟುಂಬ. ಈ ವಿಂಗಡಣೆಗೆ ಆಧಾರವಾದದ್ದು ಅಂಡಾಶಯದ ಆಕಾರ. ತುಳಸಿಯ ಅಂಡಾಶಯವು ನಾಲ್ಕು ಗುಂಡುಗಳಾಗಿ ಆಳವಾಗಿ ಸೀಳಿದ್ದು, ಅದರ ಶಲಾಕಾನಳಿಕೆ ಆ ಗುಂಡುಗಳ ನಡುವೆ, ಬುಡದಿಂದಲೇ ಮೇಲೇಳುತ್ತದೆ. ತೇಗದಲ್ಲಿ ಅಂಡಾಶಯ ಸೀಳಿಲ್ಲ. ನಳಿಕೆ ಅದರ ನೆತ್ತಿಯ ಮೇಲಿದೆ. ನೋಡುವುದಕ್ಕೆ ಸ್ಪಷ್ಟವಾದ ಭೇದ. ಇದನ್ನು ನಂಬಿ ಶಾಸ್ತ್ರಜ್ಞರು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಗೋಡೆ ಎಬ್ಬಿಸಿದ್ದರು. ಸಿಂಫೋರೀಮಾದ ಬಳಗ ಯಾವ ಕಡೆಗೂ ಸರಿಯಾಗಿ ಹೊಂದದೆ ಇದ್ದುದರಿಂದ ಕೆಲವರು ಅದಕ್ಕೆ ಪ್ರತ್ಯೇಕ ಕುಟುಂಬವನ್ನೇ ಕಟ್ಟಿದ್ದರು. 1966-67ರಲ್ಲಿ ಅಹಮದ್ ಆಬಿದ್ ಮುನೀರ್ ಎಂಬ ವಿದ್ವಾಂಸರು ಮೂರೂ ಜಾತಿಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಬರೆದ ಪ್ರಬಂಧಗಳು ಇಂದಿಗೂ ಆಧಾರವಾಗಿವೆ.

ಗೋಡೆಗೆ ಮೊದಲ ಬಿರುಕು ಬಿಟ್ಟದ್ದು 1934ರಲ್ಲಿ. ಸ್ವೀಡನ್ನಿನ ಸ್ವೆನ್ ಯೂನೆಲ್ ಎಂಬಾತ ನೂರಾರು ಅಂಡಾಶಯಗಳನ್ನು ಕೊಯ್ದು, ಒಳಗೆ ಅಂಡಕಗಳು ಎಲ್ಲಿ ಅಂಟಿಕೊಂಡಿವೆ ಎಂದು ಹುಡುಕಿದ. ಹೊರಗಿನ ಸೀಳಿಗಿಂತ ಈ ಒಳಗಿನ ಅಂಟು ನೆಂಟಸ್ತಿಕೆಗೆ ಹೆಚ್ಚು ನಂಬಬಹುದಾದ ಗುರುತು ಎಂಬುದು ಅವನ ಕೆಲಸದಿಂದ ತೋರಿಬಂತು. ಅದರ ಪ್ರಕಾರ ತೇಗ, ಲಕ್ಕಿಗಳು ಲಂಟಾನಕ್ಕಿಂತ ತುಳಸಿಗೆ ಹತ್ತಿರ. ಇದನ್ನು ಶಾಸ್ತ್ರಲೋಕ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. 1992ರಲ್ಲಿ ನಮ್ಮ ನೆರೆಯ ಒಹಾಯೋ ವಿಶ್ವವಿದ್ಯಾಲಯದ ಫಿಲಿಪ್ ಕ್ಯಾಂಟಿನೊ ಮತ್ತು ಸಂಗಡಿಗರು ಆ ಎಳೆಯನ್ನು ಮತ್ತೆ ಕೈಗೆತ್ತಿಕೊಂಡು ತೇಗ, ಲಕ್ಕಿ ಮೊದಲಾದವನ್ನು ತುಳಸಿಯ ಕುಟುಂಬಕ್ಕೆ ಸೇರಿಸಿದರು. ತರುವಾಯ ಡಿಎನ್‌ಎ ಪರೀಕ್ಷೆಗಳು ಬಂದು ಆ ತೀರ್ಪನ್ನು ಎತ್ತಿಹಿಡಿದವು. 2004ರಲ್ಲಿ ಹೊರಬಂದ ಕುಟುಂಬದ ಸಮಗ್ರ ವಿವರಣೆಯಲ್ಲಿ ಸಿಂಫೋರೀಮಾದ ಬಳಗಕ್ಕೂ ಸ್ವಂತ ಉಪಕುಟುಂಬವಾಗಿ ಸ್ಥಾನ ದೊರೆಯಿತು. 2016ರ ಒಂದು ವಿಸ್ತಾರವಾದ ಅಧ್ಯಯನವು ಈ ಬಳ್ಳಿಗಳಿಗೆ ಅತ್ಯಂತ ಸಮೀಪದ ಬಂಧು ಲಕ್ಕಿಯ ಗುಂಪು ಎಂದು ತೋರಿಸಿತು. ಬಾಣಂತಿಯ ನೀರಿಗೆ ಹಾಕುವ, ಸೊಳ್ಳೆಗೆ ಹೊಗೆಯಿಡುವ ಅದೇ ಲಕ್ಕಿ ಸೊಪ್ಪು. ತೇಗವೋ, ದೊಡ್ಡಮನೆಯ ಯಜಮಾನನಂತೆ, 2017ರಲ್ಲಿ ತನ್ನದೇ ಒಂದು ಉಪಕುಟುಂಬವನ್ನು ಪಡೆದುಕೊಂಡಿತು.

ಯಂತ್ರವಿಲ್ಲದೆಯೂ ಇದರ ಒಂದು ಭಾಗವನ್ನು ನೀವೇ ಪರೀಕ್ಷಿಸಬಹುದು. ಇಲ್ಲಿಯ ನರ್ಸರಿಗಳಲ್ಲಿ ಮೇ ತಿಂಗಳಲ್ಲಿ ಲಂಟಾನವನ್ನು ಕುಂಡದಲ್ಲಿಟ್ಟು ಮಾರುತ್ತಾರೆ. ಅದರ ಹೂಗೊಂಚಲನ್ನು ಗಮನಿಸಿ: ಹೊರಸುತ್ತಿನ ಹೂಗಳು ಮೊದಲು ಅರಳಿ, ನಡುವಿನವು ಕೊನೆಗೆ ಅರಳುತ್ತವೆ. ತುಳಸಿಯ ತೆನೆಯಲ್ಲಿ ಒಂದೊಂದು ಗೆಣ್ಣಿನಲ್ಲಿ ಆರು ಹೂಗಳಿರುತ್ತವೆ. ಅದು ಎರಡು ಕಡೆ ಮೂರು ಮೂರರ ಪುಟ್ಟ ಗುಂಪು. ಆ ಮೂರರಲ್ಲಿ ನಡುವಿನದು ಹಿರಿಯದು, ಅಕ್ಕಪಕ್ಕದವು ಕಿರಿಯವು. ತೇಗದ ದೊಡ್ಡ ಹೂದೇರೂ ಸಿಂಫೋರೀಮಾದ ಏಳು ಹೂಗಳ ಗೊಂಚಲೂ ತುಳಸಿಯ ಈ ಕ್ರಮದ ಮೇಲೆಯೇ ಕಟ್ಟಿದವು.

ಇನ್ನು ಈ ಉಪನ್ಯಾಸಕ್ಕೆ ನಮ್ಮನ್ನು ಪ್ರೇರಿಸಿದ ವಿಷಯಕ್ಕೆ ಬರುತ್ತೇವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ನೌಕಾಬಲಕ್ಕೆ ತೇಗ ಬೇಕಾಯಿತು. ಕಾಡಿನ ತೇಗ ಬರಿದಾಗುತ್ತ ಬಂದಾಗ 1840ರ ದಶಕದಲ್ಲಿ ಮಲಬಾರಿನ ನೀಲಂಬೂರಿನಲ್ಲಿ ಕಲೆಕ್ಟರ್ ಕಾನಲಿಯ ಆಜ್ಞೆಯಂತೆ ಚಾತು ಮೇನನ್ ಎಂಬವರು ತೇಗವನ್ನು ಬೆಳೆಯಂತೆ ನೆಡುವ ವಿಧಾನವನ್ನು ಸಾಧಿಸಿದರು. ಆ ಪದ್ಧತಿ ಕ್ರಮೇಣ ಮೈಸೂರು, ಕೊಡಗು, ಕೆನರಾ ಸೀಮೆಗಳಿಗೂ ಹಬ್ಬಿತು. ನಾಗರಹೊಳೆ, ಕಾಕನಕೋಟೆ, ಬೇಗೂರುಗಳ ಕಡೆ ಇಂದು ಹೋದವರಿಗೆ ಸಾಲು ಹಿಡಿದು ನಿಂತ ತೇಗದ ತೋಪುಗಳು ಕಾಣಸಿಗುವುದು ಈ ಚರಿತ್ರೆಯಿಂದಲೇ. ತೇಗಕ್ಕೆ ಬೆಳಕು ಬೇಕು. ಅದರ ಕಾಂಡ ನೇರವಾಗಿರಬೇಕು. ಬಳ್ಳಿ ಹತ್ತಿದರೆ ಎಳೆಯ ಮರ ಬಾಗುತ್ತದೆ, ದಿಮ್ಮಿಯಲ್ಲಿ ಸೊಟ್ಟು ಬರುತ್ತದೆ, ಬೆಲೆ ಇಳಿಯುತ್ತದೆ. ಆದುದರಿಂದ ಬಳ್ಳಿ ಕಡಿತ ಎಂಬುದು ಅರಣ್ಯ ಇಲಾಖೆಗಳ ನಿತ್ಯಕರ್ಮಗಳಲ್ಲಿ ಒಂದಾಯಿತು. ಕೂಲಿಯವರು ಮಚ್ಚು ಹಿಡಿದು ಸಾಲಿನಲ್ಲಿ ನಡೆದುಹೋಗುವುದು, ಕಂಡ ಬಳ್ಳಿಯನ್ನೆಲ್ಲ ಕಡಿದು ಮುಂದೆ ಸಾಗುವುದು. ಯಾವ ಬಳ್ಳಿ ಎಂದು ಕೇಳುವವರಿರಲಿಲ್ಲ. ತೋಪುಗಳಲ್ಲಿ ಮಾತ್ರವಲ್ಲ, ಬೆಲೆಬಾಳುವ ಮರಗಳನ್ನು ಆರಿಸಿ ಕಡಿಯುವ ಸಹಜ ಕಾಡುಗಳಲ್ಲಿಯೂ ಇದು ನಡೆಯಿತು.

ಎಲೆಯುದುರುವ ಕಾಡಿನ ಬಳ್ಳಿಯಾದ ಸಿಂಫೋರೀಮಾ ಮತ್ತು ತೇಗ ಬೆಳೆಯುವುದು ಒಂದೇ ಬಗೆಯ ನೆಲದಲ್ಲಿ. ತೇಗವನ್ನು ಸಾಕಲು ತೇಗದ ದಾಯಾದಿಯನ್ನೇ ಕಡಿದುಹಾಕಿದಂತಾಯಿತು. ಕಡಿದವರಿಗೂ ಕಡಿಸಿದವರಿಗೂ ಈ ಸಂಬಂಧದ ಅರಿವಿರಲು ಸಾಧ್ಯವಿರಲಿಲ್ಲ. ಅವರ ಕೈಪಿಡಿಗಳಲ್ಲಿ ತೇಗಕ್ಕೊಂದು ಅಧ್ಯಾಯವಿದ್ದರೆ, ಬಳ್ಳಿಗಳಿಗೆಲ್ಲ ಸೇರಿ ಒಂದು ವಾಕ್ಯವಿರುತ್ತಿತ್ತು.

ಅರಣ್ಯಾಧಿಕಾರಿಗಳ ಮಾತಿನಲ್ಲಿ ಹುರುಳಿರಲಿಲ್ಲ ಎಂದು ನಾವು ಹೇಳುವುದಿಲ್ಲ. ಇಲ್ಲಿಂದ ಸರೋವರದ ಆಚೆ ದಡದಲ್ಲಿರುವ ಮಿಲ್ವಾಕಿಯ ಮಾರ್ಕ್ವೆಟ್ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಶ್ನಿಟ್ಸರ್ ಎಂಬ ಪ್ರಾಧ್ಯಾಪಕರು ಮರಬಳ್ಳಿಗಳ ಅಭ್ಯಾಸಕ್ಕೆ ಹೆಸರಾದವರು. ಅವರೂ ಸಂಗಡಿಗರೂ ಪನಾಮಾ ದೇಶದ ಕಾಡಿನಲ್ಲಿ ಕೆಲವು ತುಂಡು ನೆಲಗಳಿಂದ ಬಳ್ಳಿಗಳನ್ನೆಲ್ಲ ತೆಗೆದು, ಕೆಲವನ್ನು ಇದ್ದಂತೆಯೇ ಬಿಟ್ಟು, ವರ್ಷಗಳ ಕಾಲ ಅಳೆದರು. ಬಳ್ಳಿಗಳಿರುವ ಕಾಡು ವರ್ಷಕ್ಕೆ ಕೂಡಿಡುವ ಇಂಗಾಲ ಶೇಕಡ 76ರಷ್ಟು ಕಡಿಮೆ ಎಂದು 2015ರಲ್ಲಿ ಪ್ರಕಟಿಸಿದರು. ಸಣ್ಣ ಅಂತರವಲ್ಲ. ಬಳ್ಳಿ ಮರದ ಬೆಳವಣಿಗೆಯನ್ನು ತಡೆಯುತ್ತದೆ ಎಂಬ ಹಳೆಯ ಅರಣ್ಯಾಧಿಕಾರಿಯ ಅನುಭವ ಅಳತೆಗೂ ನಿಂತಿತು. ಆದರೆ ಅವರು ಅಳೆದದ್ದು ಮರದ ತೂಕವನ್ನು. ಕಾಡು ಮರದ ತೂಕ ಮಾತ್ರವೇ ಎಂಬುದು ಬೇರೆ ಪ್ರಶ್ನೆ. ಎಲೆ ಉದುರಿ ಬೋಳಾದ ಬೇಸಿಗೆಯ ಕಾಡಿನಲ್ಲಿ ಜೇನಿಗೂ ದುಂಬಿಗೂ ಮಧು ಒದಗಿಸುವವುಗಳಲ್ಲಿ ಬಳ್ಳಿಗಳೂ ಸೇರಿವೆ. ತುಮಕೂರಿನ ಕಡೆಯ ಕುರುಚಲು ಕಾಡುಗಳಲ್ಲಿ ಬದುಕುವ ಕಾಡುಪಾಪಕ್ಕೆ ಹಾರಲು ಬಾರದು. ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗಲು ಕೊಂಬೆಗೆ ಕೊಂಬೆ ತಾಗಿರಬೇಕು, ಇಲ್ಲವೆ ನಡುವೆ ಬಳ್ಳಿಯ ಸೇತುವೆಯಿರಬೇಕು. ಸಾಲಿನಲ್ಲಿ ನೆಟ್ಟು ಬಳ್ಳಿ ಕಡಿದ ತೇಗದ ತೋಪಿನಲ್ಲಿ ಹಕ್ಕಿಯ ಉಲಿಯೂ ವಿರಳವಾಗುವುದನ್ನು ಅಲ್ಲಿ ನಡೆದಾಡಿದವರು ಬಲ್ಲರು.

ನಮ್ಮ ಭಾಷೆಯ ಪುಣ್ಯವೆಂದರೆ ಕಾಡಿನ ಸಸ್ಯಗಳ ಬಗೆಗೆ ಕನ್ನಡದಲ್ಲಿ ರಸವತ್ತಾಗಿ ಬರ್ಬರೆಂದು ತೋರಿಸಿಕೊಟ್ಟ ಬಿ.ಜಿ.ಎಲ್. ಸ್ವಾಮಿಯವರನ್ನು ಪಡೆದದ್ದು. ಹಾರ್ವರ್ಡಿನಲ್ಲಿ ಸಂಶೋಧನೆ ನಡೆಸಿದ್ದ ಅವರು ವಿದ್ಯಾರ್ಥಿಗಳೊಡನೆ ಘಟ್ಟಗಳಲ್ಲಿ ಅಲೆದದ್ದನ್ನು ‘ಹಸುರು ಹೊನ್ನು’ ಕೃತಿಯಲ್ಲಿ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅದೇ ದಶಕದಲ್ಲಿ ಇನ್ನೊಂದು ಕೆಲಸವೂ ನಡೆಯಿತು. ಅದರಲ್ಲಿ ಅಮೆರಿಕದ ಪಾಲೂ ಇದೆ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ ಅವರು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್ ಅವರೊಡನೆ ಸೇರಿ ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಕುರಿತ ಬೃಹದ್ಗ್ರಂಥವನ್ನು 1976ರಲ್ಲಿ ಹೊರತಂದರು. ಆಗ ಸಂಗ್ರಹಿಸಿ ಒಣಗಿಸಿದ ಗಿಡಗಳು ಬೆಂಗಳೂರಿನಲ್ಲಿಯೂ ವಾಷಿಂಗ್ಟನ್ನಿನಲ್ಲಿಯೂ ಇವೆ. ಸಕಲೇಶಪುರದ ಗುಡ್ಡದ ಒಂದು ಕೊಂಬೆ, ಕಿತ್ತ ದಿನಾಂಕದೊಡನೆ, ಅಮೆರಿಕದ ರಾಜಧಾನಿಯ ಕಪಾಟಿನಲ್ಲಿ ಮಲಗಿದೆಯೆಂದು ನೆನೆದರೆ ನಮಗಂತೂ ಏನೋ ಒಂದು ಹಿತವೆನಿಸುತ್ತದೆ. ಇಂಥ ಹಾಳೆಗಳಿಲ್ಲದೆ ಹೋಗಿದ್ದರೆ, ಒಂದು ಬಳ್ಳಿ ಎಲ್ಲಿತ್ತು, ಎಲ್ಲಿ ಇಲ್ಲವಾಯಿತು ಎಂದು ಹೇಳಲು ಯಾರಿಗೂ ಆಧಾರವಿರುತ್ತಿರಲಿಲ್ಲ.

ಬಂಡೀಪುರ 1973ರಲ್ಲಿ ದೇಶದ ಮೊದಲ ಹುಲಿ ಮೀಸಲುಗಳಲ್ಲಿ ಒಂದಾಯಿತು. ಅಲ್ಲಿಯೂ ನಾಗರಹೊಳೆಯಲ್ಲಿಯೂ ದಿಮ್ಮಿಗಾಗಿ ಮರ ಕಡಿಯುವ ಕೆಲಸ ನಿಂತು ದಶಕಗಳಾದವು. ಬಳ್ಳಿ ಕಡಿತವೂ ಅದರೊಡನೆ ಹಿಂದೆ ಸರಿಯಿತು. ಇನ್ನು ಬಳ್ಳಿಗೆ ನಿರಾಳ ಎನ್ನುವಷ್ಟರಲ್ಲಿ ಎದುರು ನಿಂತದ್ದು ಅದರ ಹಳೆಯ ಮನೆಪಾಲುದಾರ ಲಂಟಾನ. ಅಮೆರಿಕ ಖಂಡದ ಈ ಪೊದೆಯನ್ನು ಅಂದಕ್ಕೆಂದು ಭಾರತಕ್ಕೆ ತಂದದ್ದು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ. ತಂದು ನೆಟ್ಟದ್ದು ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ. ಆಗ ಅಲ್ಲಿಯ ಮೇಲ್ವಿಚಾರಕ ಯಾರೆಂಬುದನ್ನು ಆಗಲೇ ಹೇಳಿದ್ದೇವೆ. ಸಿಂಫೋರೀಮಾಕ್ಕೆ ಹೆಸರು ಸಿಕ್ಕ ಮತ್ತು ಲಂಟಾನಕ್ಕೆ ನೆಲ ಸಿಕ್ಕ ವರ್ಷಗಳು ಹೀಗೆ ಒಂದರ ಬೆನ್ನಿಗೊಂದು ಬಂದವು. ಇಂದು ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ ಆಳೆತ್ತರದ ಲಂಟಾನದ ನಡುವೆ ಮನುಷ್ಯ ನುಸುಳುವುದೂ ಕಷ್ಟ. ಅದರಡಿಯಲ್ಲಿ ಬೇರೆ ಗಿಡದ ಸಸಿ ಏಳುವುದಿಲ್ಲ. ಬೇಸಿಗೆಯಲ್ಲಿ ಅದು ಒಣಗಿ ನಿಂತಾಗ ಬಿದ್ದ ಬೆಂಕಿ ಮರದ ನೆತ್ತಿಗೇರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ಎಲ್ಲರಿಗೂ ನೆನಪಿರಬಹುದು. ನಮ್ಮ ಬಳ್ಳಿ ಹೂ ಕಾಯಿ ಬಿಡುವ ಕಾಲವೂ ಅದೇ.

ಲಂಟಾನವನ್ನು ತೆಗೆಯುವ ಕೆಲಸ ಈಗ ಹಲವೆಡೆ ನಡೆದಿದೆ. ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಗಳಿಂದ ಕುರ್ಚಿ, ಮೇಜು ಹೆಣೆಯುವುದನ್ನು ಕಲಿತು ಸಂಪಾದನೆಗೊಂದು ದಾರಿ ಮಾಡಿಕೊಂಡಿದ್ದಾರೆ. ಕೆಲಸ ಒಳ್ಳೆಯದು, ನಾವು ಕಳವಳಪಡುವುದು ಒಂದೇ ಕಾರಣಕ್ಕೆ. ಮಚ್ಚು ಹಿಡಿದ ಸಾಲು ಮತ್ತೆ ಕಾಡಿನೊಳಗೆ ನಡೆಯುತ್ತಿದೆ. ಲಂಟಾನವೂ ಮರಕ್ಕೆ ಒರಗಿ ಬಳ್ಳಿಯಂತೆ ಏರಬಲ್ಲದು. ಅದಕ್ಕೂ ಎದುರುಬದುರು ಎಲೆ, ಹಲ್ಲಿನ ಅಂಚು. ಗುತ್ತಿಗೆಯವನು ಎಕರೆಯ ಲೆಕ್ಕದಲ್ಲಿ ಕೂಲಿ ಕೊಡುವಾಗ ಎಲೆ ತಿರುಗಿಸಿ ನೋಡುವ ವ್ಯವಧಾನ ಯಾರಿಗಿದ್ದೀತು?

ರಜೆಗೆ ಊರಿಗೆ ಹೋದಾಗ ಆ ಕಡೆಯ ಕಾಡುಗಳಲ್ಲಿ ಸುತ್ತಾಡುವವರಿಗೂ, ಅಲ್ಲಿ ಬಂಧುಗಳಿರುವವರಿಗೂ ಅನುಕೂಲವಾಗಲೆಂದು ಗುರುತುಗಳನ್ನು ಹೇಳುತ್ತೇವೆ. ಲಂಟಾನದ ಕಾಂಡಕ್ಕೆ ಸಣ್ಣ ಕೊಕ್ಕೆಮುಳ್ಳುಗಳಿರುತ್ತವೆ, ಸಿಂಫೋರೀಮಾಕ್ಕೆ ಮುಳ್ಳಿಲ್ಲ. ಲಂಟಾನದ ಎಲೆ ಮರಳುಕಾಗದದಂತೆ ಒರಟು, ಹಿಸುಕಿದರೆ ಘಾಟು ವಾಸನೆ. ಸಿಂಫೋರೀಮಾದ ಎಲೆಯ ಅಡಿ ಉಣ್ಣೆಯಂತೆ ಮೆತ್ತಗೆ. ಲಂಟಾನದ ಹೂ ಹಳದಿ, ಗುಲಾಬಿ, ಕೇಸರಿ; ಇದರದು ಬಿಳಿ, ಏಳೇಳರ ಗೊಂಚಲು. ಲಂಟಾನಕ್ಕೆ ಕಪ್ಪನೆಯ ರಸಭರಿತ ಹಣ್ಣು. ಇದಕ್ಕೆ ಒಣಗಿದ ಆರು ರೆಕ್ಕೆ. ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಕಾಡಿನ ದಾರಿಯ ದೂಳಿನ ಮೇಲೆ ಆರು ರೆಕ್ಕೆಯ ಆ ಒಣಗೊಂಚಲು ಬಿದ್ದಿರುವುದು ಕಂಡರೆ, ತಲೆಯೆತ್ತಿ ನೋಡಿ. ಬಳ್ಳಿ ಮೇಲೆಯೇ ಎಲ್ಲಿಯೋ ಇರುತ್ತದೆ.